ರಾಗಿ ಪ್ರೋಟೀನಿನ ಸಂಪರ್ಕ ಪಟ್ಟಿ ದಾರಿ ತಪ್ಪಿದಾಗ: ರೆಸಿಡ್ಯೂ ಸಂಪರ್ಕ ವಿಶ್ಲೇಷಣೆಗೆ ದೋಷ ನಿವಾರಣೆ ಕೈಪಿಡಿ

ಮೈಸೂರು, ಮಂಡ್ಯ ಸೀಮೆಯಲ್ಲಿ ದಿನವೂ ಮುದ್ದೆಯಾಗಿ ತಟ್ಟೆಗೆ ಬರುವ ರಾಗಿಯ ಕಾಳಿನೊಳಗೆ 122 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನೊಂದಿದೆ. ಪಿಷ್ಟವನ್ನು ಅರಗಿಸುವ ಆಲ್ಫಾ-ಅಮೈಲೇಸ್ ಕಿಣ್ವವನ್ನು ಅದು ಒಂದು ಬದಿಯಿಂದ ಹಿಡಿದು ತಡೆಯುತ್ತದೆ, ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಕಿಣ್ವವನ್ನು ಇನ್ನೊಂದು ಬದಿಯಿಂದ. ದ್ವಿಕ್ರಿಯಾ ಪ್ರತಿಬಂಧಕ ಎಂಬ ಹೆಸರು ಬಂದದ್ದು ಇದರಿಂದಲೇ. ಒಂಟಿಯಾಗಿದ್ದಾಗಿನ ಅದರ ರಚನೆಯನ್ನು ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ) ವಿಧಾನದಿಂದ ನಿರ್ಧರಿಸಿ 1995ರಲ್ಲಿ ಪ್ರಕಟಿಸಲಾಯಿತು. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪಿಡಿಬಿಯಲ್ಲಿ ಅದರ ಸಂಕೇತ 1ಬಿಐಪಿ. ಹಿಟ್ಟಿನ ಹುಳುವಿನ ಅಮೈಲೇಸನ್ನು ಕಚ್ಚಿ ಹಿಡಿದಿರುವ ಸ್ಥಿತಿಯ ಸ್ಫಟಿಕ ರಚನೆ 1998ರಲ್ಲಿ ಬಂತು, ಅದು 1ಟಿಎಂಕ್ಯೂ. ನಮ್ಮ ನೆಲದ ಬೆಳೆಯ ಪ್ರೋಟೀನ್ ಎಂಬ ಅಭಿಮಾನದಿಂದಲೇ ಮೈಸೂರಿನ ನಮ್ಮ ಸಣ್ಣ ಗಣಕ ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸಕ್ಕೆ ಇದನ್ನು ಕೊಡುತ್ತೇವೆ. ಈ ಕೈಪಿಡಿ ಆ ಅಭ್ಯಾಸದಲ್ಲಿ ಕಂಡ ದೋಷಗಳನ್ನು ಆಧರಿಸಿದೆ. ಸರಪಳಿಯಲ್ಲಿನ ಪ್ರತಿಯೊಂದು ಅಮೈನೊ ಆಮ್ಲದ ಘಟಕವನ್ನು ನಾವು ದಿನಬಳಕೆಯಲ್ಲಿ ರೆಸಿಡ್ಯೂ ಎಂದೇ ಕರೆಯುವುದರಿಂದ ಇಲ್ಲಿಯೂ ಆ ಪದವನ್ನೇ ಉಳಿಸಿಕೊಂಡಿದ್ದೇನೆ. ಎರಡು ರೆಸಿಡ್ಯೂಗಳು ನಾವಿಟ್ಟ ಮಿತಿಗಿಂತ ಹತ್ತಿರವಿದ್ದರೆ ಅದನ್ನು ಸಂಪರ್ಕ ಎನ್ನುತ್ತೇವೆ.

ದೋಷದ ಲಕ್ಷಣ

ಮಂಡ್ಯದಿಂದ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿನಿಯೊಬ್ಬಳು ಎರಡು ಪಟ್ಟಿಗಳನ್ನು ತಂದು ಮೇಜಿನ ಮೇಲಿಟ್ಟಳು. ಒಂದು ಒಂಟಿ ಪ್ರತಿಬಂಧಕದ ಒಳಗಿನ ರೆಸಿಡ್ಯೂ ಸಂಪರ್ಕಗಳದು, ಇನ್ನೊಂದು ಅಮೈಲೇಸಿಗೆ ಅಂಟಿಕೊಂಡಿರುವ ಪ್ರತಿಬಂಧಕದ ಒಳಗಿನ ಸಂಪರ್ಕಗಳದು. ಮೊದಲನೆಯದು ಪುಟಗಟ್ಟಲೆ ಇತ್ತು, ಎರಡನೆಯದು ಅದರ ಒಂದು ಭಾಗದಷ್ಟೂ ಇರಲಿಲ್ಲ. ಕಿಣ್ವಕ್ಕೆ ಅಂಟಿಕೊಳ್ಳುವಾಗ ಪ್ರತಿಬಂಧಕವು ತನ್ನ ಒಳಗಿನ ಸಂಪರ್ಕಗಳಲ್ಲಿ ಹೆಚ್ಚಿನವನ್ನು ಬಿಟ್ಟುಕೊಡುತ್ತದೆ ಎಂಬ ತೀರ್ಮಾನವನ್ನು ಅವಳು ಆಗಲೇ ಬರೆದಿದ್ದಳು. ಓದಲು ಸೊಗಸಾದ ತೀರ್ಮಾನವದು. ಆದರೆ ಈ ಪ್ರೋಟೀನಿನ ಹತ್ತು ಸಿಸ್ಟೀನ್‌ಗಳು ಐದು ಡೈಸಲ್ಫೈಡ್ ಬಂಧಗಳಾಗಿ ಸರಪಳಿಯನ್ನು ಐದು ಕಡೆ ಹೊಲಿದಿವೆ. ಹೀಗೆ ಹೊಲಿದ ಪ್ರೋಟೀನ್ ತನ್ನ ಒಡಲನ್ನು ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಸಂಪರ್ಕಗಳ ಸಂಖ್ಯೆ ಇಷ್ಟು ಏರುಪೇರಾದಾಗ ಜೀವಶಾಸ್ತ್ರವನ್ನು ಅನುಮಾನಿಸುವ ಮೊದಲು ಕಡತವನ್ನು ನಾವು ಓದಿದ ರೀತಿಯನ್ನು ಅನುಮಾನಿಸಬೇಕು.

ಮೊದಲು ನೋಡಬೇಕಾದ ಎರಡು ಸಂಖ್ಯೆಗಳು

ಮೊದಲನೆಯದು ಪಟ್ಟಿಯ ಅತಿ ಕಡಿಮೆ ಅಂತರ. ಇಡೀ ಪಟ್ಟಿಯನ್ನು ಅಂತರದ ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಇಪ್ಪತ್ತು ಸಾಲುಗಳನ್ನು ಕಣ್ಣಾರೆ ನೋಡಿ. ಈ ಒಂದು ಕೆಲಸ ಎಷ್ಟೋ ಗಂಟೆಗಳ ಹುಡುಕಾಟವನ್ನು ಉಳಿಸುತ್ತದೆ. ಪಕ್ಕಪಕ್ಕದ ರೆಸಿಡ್ಯೂಗಳನ್ನು ಬೆಸೆಯುವ ಪೆಪ್ಟೈಡ್ ಬಂಧದ ಉದ್ದ ಸುಮಾರು 1.33 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ನ್ಯಾನೊಮೀಟರಿನ ಹತ್ತನೆಯ ಒಂದು ಭಾಗ), ಡೈಸಲ್ಫೈಡ್ ಬಂಧದಲ್ಲಿ ಎರಡು ಗಂಧಕ ಪರಮಾಣುಗಳ ನಡುವೆ ಸುಮಾರು 2.05, ಒಳ್ಳೆಯ ಹೈಡ್ರೋಜನ್ ಬಂಧದಲ್ಲಿ ದಾನಿ ಮತ್ತು ಗ್ರಾಹಿ ಪರಮಾಣುಗಳ ನಡುವೆ 2.7ರಿಂದ 3.2ರಷ್ಟು, ಬಂಧವಿಲ್ಲದೆ ಒಂದಕ್ಕೊಂದು ತಾಗುವ ಇಂಗಾಲಗಳ ನಡುವೆ ಮೂರೂವರೆ ದಾಟಿದ ಅಂತರ. ಪ್ರಕೃತಿ ಹಾಕಿರುವ ಈ ಗೆರೆಗಳನ್ನು ದಾಟಿ, ಎರಡು ಬೇರೆ ರೆಸಿಡ್ಯೂಗಳ ಭಾರ ಪರಮಾಣುಗಳು (ಹೈಡ್ರೋಜನ್ ಅಲ್ಲದವು) 1 ಆಂಗ್‌ಸ್ಟ್ರಾಮಿಗಿಂತ ಹತ್ತಿರ ಬಂದಿವೆ ಎಂದು ಪಟ್ಟಿ ಹೇಳಿದರೆ ಅದನ್ನು ನಂಬುವಂತಿಲ್ಲ. ನಮ್ಮ ವಿದ್ಯಾರ್ಥಿನಿಯ ಮೊದಲ ಪಟ್ಟಿಯ ತುದಿಯಲ್ಲಿ ಅರ್ಧ ಆಂಗ್‌ಸ್ಟ್ರಾಮಿಗಿಂತಲೂ ಕಡಿಮೆ ಅಂತರದ ಸಾಲುಗಳು ಒಂದರ ಕೆಳಗೊಂದು ನಿಂತಿದ್ದವು.

ಎರಡನೆಯ ಸಂಖ್ಯೆ, ಒಂದು ರೆಸಿಡ್ಯೂಗೆ ಗರಿಷ್ಠ ಎಷ್ಟು ಸಂಪರ್ಕಗಳು ಬಂದಿವೆ ಎಂಬುದು. ಇದಕ್ಕೆ ಮೇಲ್ಮಿತಿಯನ್ನು ಕೈಯಲ್ಲೇ ಲೆಕ್ಕ ಹಾಕಬಹುದು. 8 ಆಂಗ್‌ಸ್ಟ್ರಾಮ್ ತ್ರಿಜ್ಯದ ಗೋಳದ ಗಾತ್ರ ಸುಮಾರು 2145 ಘನ ಆಂಗ್‌ಸ್ಟ್ರಾಮ್. ಪ್ರೋಟೀನಿನ ಒಳಗೆ ಒಂದು ರೆಸಿಡ್ಯೂ ಸರಾಸರಿ 135 ಘನ ಆಂಗ್‌ಸ್ಟ್ರಾಮಿನಷ್ಟು ಜಾಗ ಹಿಡಿಯುತ್ತದೆ. ಭಾಗಿಸಿದರೆ ಹದಿನಾರರ ಹತ್ತಿರ ಬರುತ್ತದೆ, ಅದರಲ್ಲಿ ಕೇಂದ್ರದ ರೆಸಿಡ್ಯೂವೂ ಸೇರಿದೆ. ಚಿಕ್ಕ ರೆಸಿಡ್ಯೂಗಳು ಗುಂಪುಗೂಡಿದ ಕಡೆ ಇದು ಸ್ವಲ್ಪ ಏರಬಹುದು, ಮೇಲ್ಮೈಯಲ್ಲಿ ಅರ್ಧಕ್ಕೆ ಇಳಿಯಬಹುದು. ಆದರೆ ಸಿ-ಆಲ್ಫಾ ಪರಮಾಣುಗಳ (ಪ್ರತಿ ರೆಸಿಡ್ಯೂವಿನ ನಡುವಿನ ಇಂಗಾಲ) ನಡುವೆ 8 ಆಂಗ್‌ಸ್ಟ್ರಾಮ್ ಮಿತಿ ಇಟ್ಟುಕೊಂಡಾಗ ಒಂದು ರೆಸಿಡ್ಯೂಗೆ ನಲವತ್ತು ನೆರೆಹೊರೆಯವರು ಸಿಕ್ಕರೆ, ಒಂದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಪ್ರೋಟೀನ್ ಕುಳಿತಿದೆ ಎಂದೇ ಅರ್ಥ.

ಮಾಡೆಲ್‌ಗಳು ಒಂದರ ಮೇಲೊಂದು

ನಿಜಕ್ಕೂ ಹಾಗೆಯೇ ಆಗಿತ್ತು. ಎನ್‌ಎಂಆರ್ ಕಡತದಲ್ಲಿ ಒಂದೇ ಪ್ರೋಟೀನಿನ ಹಲವು ಮಾಡೆಲ್‌ಗಳಿರುತ್ತವೆ. ಅಳತೆಗಳಿಗೆ ಹೊಂದುವ ರಚನೆ ಒಂದೇ ಅಲ್ಲವಾದ್ದರಿಂದ ಹೊಂದುವ ಹಲವನ್ನು ಒಂದರ ಮೇಲೊಂದು ಒಪ್ಪಿಸಿ ಕೊಟ್ಟಿರುತ್ತಾರೆ. ಅವೆಲ್ಲವೂ ಒಂದೇ ನಿರ್ದೇಶಾಂಕ ಚೌಕಟ್ಟಿನಲ್ಲಿ, ಒಂದೇ ಜಾಗದಲ್ಲಿ ಇರುತ್ತವೆ. ಪೈಥಾನ್ ಭಾಷೆಯ ಬಯೋಪೈಥಾನ್ ಉಪಕರಣದಲ್ಲಿ ಇಡೀ ರಚನೆಯಿಂದ ಪರಮಾಣುಗಳನ್ನು ಕೇಳಿದರೆ ಅದು ಎಲ್ಲ ಮಾಡೆಲ್‌ಗಳ ಪರಮಾಣುಗಳನ್ನೂ ಒಟ್ಟಿಗೆ ಕೊಡುತ್ತದೆ. ಅದನ್ನೇ ನೆರೆ ಹುಡುಕುವ ಉಪಕರಣಕ್ಕೆ ಒಪ್ಪಿಸಿದರೆ ಮೊದಲ ಮಾಡೆಲಿನ 30ನೆಯ ರೆಸಿಡ್ಯೂ ಏಳನೆಯ ಮಾಡೆಲಿನ 31ನೆಯ ರೆಸಿಡ್ಯೂವಿನ ಜೊತೆ ಸಂಪರ್ಕದಲ್ಲಿದೆ ಎಂಬ ಅರ್ಥಹೀನ ಸಾಲುಗಳು ಹುಟ್ಟುತ್ತವೆ. ಸ್ಕ್ರಿಪ್ಟ್ ಕೆಂಪು ಅಕ್ಷರದಲ್ಲಿ ಯಾವ ದೂರನ್ನೂ ಹೇಳುವುದಿಲ್ಲ, ಶಾಂತವಾಗಿ ಓಡಿ ಮುಗಿಯುತ್ತದೆ. ಈ ದೋಷದ ಬಗ್ಗೆ ನನಗಿರುವ ಆತಂಕಕ್ಕೆ ಆ ಶಾಂತತೆಯೇ ಕಾರಣ.

ಪರಿಹಾರಕ್ಕೆ ಎರಡು ದಾರಿಗಳಿವೆ. ಬೇಗ ಮುಗಿಯಬೇಕಾದರೆ ಮೊದಲ ಮಾಡೆಲನ್ನು ಮಾತ್ರ ತೆಗೆದುಕೊಂಡು, ಹಾಗೆ ಮಾಡಿದ್ದೇವೆಂದು ಬರೆಯಬೇಕು. ನನ್ನ ಮನಸ್ಸಿಗೆ ಒಪ್ಪುವ ದಾರಿ ಬೇರೆ: ಪ್ರತಿ ಮಾಡೆಲಿನಲ್ಲೂ ಪ್ರತ್ಯೇಕವಾಗಿ ಸಂಪರ್ಕಗಳನ್ನು ಎಣಿಸಿ, ಪ್ರತಿ ಜೋಡಿಯ ಎದುರಿಗೆ ಅದು ಎಷ್ಟು ಮಾಡೆಲ್‌ಗಳಲ್ಲಿ ಕಂಡಿತು ಎಂಬ ಪ್ರಮಾಣವನ್ನು ಬರೆಯುವುದು. ಆಗ ಗಟ್ಟಿಯಾದ ಒಡಲು ಮತ್ತು ಸಡಿಲವಾದ ತುದಿಗಳ ವ್ಯತ್ಯಾಸ ಪಟ್ಟಿಯಲ್ಲೇ ಕಾಣಿಸುತ್ತದೆ. ಎಲ್ಲ ಮಾಡೆಲ್‌ಗಳ ನಿರ್ದೇಶಾಂಕಗಳ ಸರಾಸರಿ ತೆಗೆದು ಆ ಸರಾಸರಿ ರಚನೆಯಲ್ಲಿ ಅಂತರ ಅಳೆಯುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎರಡು ದಿಕ್ಕಿಗೆ ತಿರುಗಿರುವ ಪಾರ್ಶ್ವ ಸರಪಳಿಗಳ ಸರಾಸರಿ ನಡುವಿನಲ್ಲೆಲ್ಲೋ ಕುಗ್ಗಿ ಕೂರುತ್ತದೆ, ಅಂಥ ಅಣು ಎಲ್ಲಿಯೂ ಇರುವುದಿಲ್ಲ.

ಹೈಡ್ರೋಜನ್ ಇರುವ ಕಡತ, ಇಲ್ಲದ ಕಡತ

ಮಾಡೆಲ್‌ಗಳನ್ನು ಬಿಡಿಸಿದ ಮೇಲೂ ಎರಡು ಪಟ್ಟಿಗಳ ನಡುವೆ ವ್ಯತ್ಯಾಸ ಉಳಿಯಿತು. ಎನ್‌ಎಂಆರ್ ವಿಧಾನ ಕೆಲಸ ಮಾಡುವುದೇ ಹೈಡ್ರೋಜನ್‌ಗಳ ಮೇಲೆ, ಹಾಗಾಗಿ ಅದರ ಕಡತದಲ್ಲಿ ಅವು ಇರುತ್ತವೆ. ಸಾಮಾನ್ಯ ಸ್ಪಷ್ಟತೆಯ ಸ್ಫಟಿಕ ರಚನೆಯಲ್ಲಿ ಹೈಡ್ರೋಜನ್ ಕಾಣುವುದಿಲ್ಲ, ಹಾಗಾಗಿ ಕಡತದಲ್ಲೂ ಇರುವುದಿಲ್ಲ. ಯಾವುದೇ ಎರಡು ಪರಮಾಣುಗಳ ನಡುವೆ 4.5 ಆಂಗ್‌ಸ್ಟ್ರಾಮಿಗಿಂತ ಕಡಿಮೆ ಅಂತರವಿದ್ದರೆ ಸಂಪರ್ಕ ಎಂಬ ನಿಯಮವನ್ನು ಎರಡಕ್ಕೂ ಒಂದೇ ರೀತಿ ಅನ್ವಯಿಸಿದಾಗ, ಅದು ಎರಡು ಬೇರೆ ನಿಯಮಗಳಾಗಿ ಕೆಲಸ ಮಾಡುತ್ತದೆ. ಇಂಗಾಲ ಮತ್ತು ಹೈಡ್ರೋಜನ್ ನಡುವಿನ ಬಂಧ ಸುಮಾರು 1.09 ಆಂಗ್‌ಸ್ಟ್ರಾಮ್. 6.2 ಆಂಗ್‌ಸ್ಟ್ರಾಮ್ ದೂರದಲ್ಲಿರುವ ಎರಡು ಇಂಗಾಲಗಳ ಹೈಡ್ರೋಜನ್‌ಗಳು ಎದುರುಬದುರಾಗಿ ನಿಂತರೆ ಅವುಗಳ ನಡುವೆ ಉಳಿಯುವುದು 4 ಆಂಗ್‌ಸ್ಟ್ರಾಮ್. ಒಂದು ಕಡತದಲ್ಲಿ ಸಂಪರ್ಕವಾದ ಅದೇ ಜೋಡಿ ಇನ್ನೊಂದರಲ್ಲಿ ಸಂಪರ್ಕವಲ್ಲ. ಆದ್ದರಿಂದ ಹೋಲಿಸುವ ಮೊದಲು ಎರಡೂ ಕಡತಗಳಿಂದ ಹೈಡ್ರೋಜನ್‌ಗಳನ್ನು ತೆಗೆದುಹಾಕಬೇಕು, ಇಲ್ಲವೇ ಒಂದೇ ಉಪಕರಣದಿಂದ ಎರಡಕ್ಕೂ ಸೇರಿಸಬೇಕು.

ಇಲ್ಲಿ ವ್ಯಾಖ್ಯೆಯ ಮಾತನ್ನೂ ಹೇಳಬೇಕು. ಸಂಪರ್ಕ ಎಂಬುದಕ್ಕೆ ಸರ್ವಸಮ್ಮತವಾದ ಒಂದೇ ಅಳತೆಯಿಲ್ಲ. ರಚನೆಯನ್ನು ಊಹಿಸುವವರು ಸಿ-ಬೀಟಾ (ಪಾರ್ಶ್ವ ಸರಪಳಿಯ ಮೊದಲ ಇಂಗಾಲ) ಪರಮಾಣುಗಳ ನಡುವೆ 8 ಆಂಗ್‌ಸ್ಟ್ರಾಮ್ ಎನ್ನುತ್ತಾರೆ, ಸಿ-ಬೀಟಾ ಇಲ್ಲದ ಗ್ಲೈಸಿನ್‌ಗೆ ಸಿ-ಆಲ್ಫಾ ಬಳಸುತ್ತಾರೆ. ಗ್ಲೈಸಿನ್‌ಗೆ ಈ ವಿನಾಯಿತಿ ಬರೆಯದ ಸ್ಕ್ರಿಪ್ಟಿನಲ್ಲಿ ಗ್ಲೈಸಿನ್‌ಗಳೆಲ್ಲ ಸಂಪರ್ಕವೇ ಇಲ್ಲದ ಅನಾಥರಾಗುತ್ತವೆ. ಇನ್ನು ಕೆಲವರು ಭಾರ ಪರಮಾಣುಗಳ ಕನಿಷ್ಠ ಅಂತರವನ್ನು ನೋಡುತ್ತಾರೆ. ಆರ್ಜಿನಿನ್‌ನ ಉದ್ದನೆಯ ಪಾರ್ಶ್ವ ಸರಪಳಿ ಆಸ್ಪಾರ್ಟೇಟನ್ನು ತಲುಪಿ ಗಟ್ಟಿ ಲವಣ ಸೇತು (ಧನ ಮತ್ತು ಋಣ ಆವೇಶಗಳ ಸೆಳೆತದ ಕೊಂಡಿ) ಕಟ್ಟಿರುವಾಗಲೂ ಅವುಗಳ ಸಿ-ಆಲ್ಫಾಗಳು 8 ಆಂಗ್‌ಸ್ಟ್ರಾಮ್ ಆಚೆ ಇರಬಹುದು. ಇಬ್ಬರ ಪಟ್ಟಿಗಳು ಹೊಂದದಿದ್ದಾಗ ಇಬ್ಬರೂ ಸರಿಯಾಗಿರುವ ಸಾಧ್ಯತೆ ಇದೆ ಎಂಬುದನ್ನು ಮರೆಯಬಾರದು.

ಕ್ರ್ಯಾಂಬಿನ್‌ನ ಮೇಲೆ ಒರೆ ಹಚ್ಚುವುದು

ಇಷ್ಟಾದ ಮೇಲೆ ರಾಗಿ ಪ್ರೋಟೀನನ್ನು ಪಕ್ಕಕ್ಕಿಟ್ಟು, ಉತ್ತರ ಮೊದಲೇ ಗೊತ್ತಿರುವ ಪ್ರೋಟೀನಿನ ಮೇಲೆ ಸ್ಕ್ರಿಪ್ಟನ್ನು ಓಡಿಸಲು ಅವಳಿಗೆ ಹೇಳಿದೆ. ಇದಕ್ಕೆ 1ಸಿಆರ್‌ಎನ್, ಅಂದರೆ ಕ್ರ್ಯಾಂಬಿನ್, ನನಗೆ ತುಂಬ ಇಷ್ಟವಾದ ಕಡತ. ಒಂದೇ ಸರಪಳಿ, 46 ರೆಸಿಡ್ಯೂ, 327 ಪರಮಾಣು, ಹೈಡ್ರೋಜನ್ ಇಲ್ಲ. ಸ್ಕ್ರಿಪ್ಟ್ ಓದಿದ ಪರಮಾಣುಗಳ ಸಂಖ್ಯೆ 327 ಬರದಿದ್ದರೆ ಮುಂದಕ್ಕೆ ಹೋಗುವ ಅಗತ್ಯವೇ ಇಲ್ಲ.

ಇದರಲ್ಲಿ ಮೂರು ಡೈಸಲ್ಫೈಡ್ ಬಂಧಗಳಿವೆ: 3ರಿಂದ 40ಕ್ಕೆ, 4ರಿಂದ 32ಕ್ಕೆ, 16ರಿಂದ 26ಕ್ಕೆ. ಗಂಧಕಗಳ ಅಂತರ ಮೂರರಲ್ಲೂ 2 ಆಂಗ್‌ಸ್ಟ್ರಾಮಿನ ಆಸುಪಾಸಿನಲ್ಲಿರಬೇಕು. ಪೈಥಾನ್ 0ಯಿಂದ ಎಣಿಸುತ್ತದೆ, ಪಿಡಿಬಿ ಕಡತ ಇಲ್ಲಿ 1ರಿಂದ ಎಣಿಸುತ್ತದೆ. ಎರಡೂ ಬೆರೆತರೆ 3–39, 4–31 ಎಂಬಂಥ ಜೋಡಿಗಳು ಹೊರಬರುತ್ತವೆ. 3 ಮತ್ತು 4 ಎರಡೂ ಸಿಸ್ಟೀನ್‌ಗಳೇ ಆದ್ದರಿಂದ ಆ ತುದಿಯನ್ನಷ್ಟೇ ನೋಡಿದರೆ ತಪ್ಪು ತಿಳಿಯುವುದಿಲ್ಲ. ಇನ್ನೊಂದು ತುದಿಯನ್ನು ನೋಡಬೇಕು: 39 ತ್ರಿಯೊನಿನ್, 31 ಗ್ಲೈಸಿನ್. ಎರಡರಲ್ಲೂ ಬಂಧ ಕಟ್ಟಲು ಗಂಧಕವೇ ಇಲ್ಲ. ಜೊತೆಗೆ 7ರಿಂದ 19ರವರೆಗೆ ಒಂದು ಆಲ್ಫಾ ಸುರುಳಿ ಇದೆ. ಸುರುಳಿಯಲ್ಲಿ ನಾಲ್ಕು ಸ್ಥಾನ ಆಚೆಯ ಸಿ-ಆಲ್ಫಾ ಸುಮಾರು 6.2 ಆಂಗ್‌ಸ್ಟ್ರಾಮ್ ದೂರದಲ್ಲಿರುವುದರಿಂದ ಸಂಪರ್ಕ ನಕ್ಷೆಯಲ್ಲಿ (ಎರಡು ಅಕ್ಷಗಳಲ್ಲೂ ರೆಸಿಡ್ಯೂ ಸಂಖ್ಯೆಗಳಿದ್ದು, ಸಂಪರ್ಕವಿರುವಲ್ಲಿ ಕಪ್ಪು ಚುಕ್ಕೆ ಬೀಳುವ ಚೌಕ) ಕರ್ಣಕ್ಕೆ ಅಂಟಿಕೊಂಡಂತೆ ಒಂದು ದಪ್ಪ ಪಟ್ಟೆ ಅಲ್ಲಿ ಕಾಣಬೇಕು.

ಅವಳ ಸ್ಕ್ರಿಪ್ಟ್ ಈ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಕ್ರ್ಯಾಂಬಿನ್ ಸಾಧು ಪ್ರೋಟೀನ್. ಅದರ ಕಡತದಲ್ಲಿ ಕೊಕ್ಕೆಗಳಿಲ್ಲ. ಕೊಕ್ಕೆಗಳಿರುವುದು ರಾಗಿ ಪ್ರತಿಬಂಧಕದ ಎರಡನೆಯ ಗುರಿಯಾದ ಟ್ರಿಪ್ಸಿನ್‌ನಲ್ಲಿ.

ಟ್ರಿಪ್ಸಿನ್: ಸಂಖ್ಯೆಗಳೇ ದಾರಿ ತಪ್ಪಿಸುವ ಕಡೆ

ಹಸುವಿನ ಟ್ರಿಪ್ಸಿನ್‌ನ 2ಪಿಟಿಎನ್ ಕಡತದಲ್ಲಿ ರೆಸಿಡ್ಯೂ ಸಂಖ್ಯೆಗಳು 16ರಿಂದ ಶುರುವಾಗಿ 245ಕ್ಕೆ ಮುಗಿಯುತ್ತವೆ. ಇರುವ ರೆಸಿಡ್ಯೂಗಳು ಮಾತ್ರ 223. ಇದು ಅದೇ ಕುಟುಂಬದ ಕಿಣ್ವವಾದ ಕೈಮೋಟ್ರಿಪ್ಸಿನ್‌ನ ಸಂಖ್ಯಾಕ್ರಮವನ್ನು ಅನುಸರಿಸಿದೆ. ಹಾಗೆ ಮಾಡಿದ್ದರಿಂದಲೇ ಈ ಇಡೀ ಕುಟುಂಬದ ಕಿಣ್ವಗಳಲ್ಲಿ ಹಿಸ್ಟಿಡಿನ್ 57, ಆಸ್ಪಾರ್ಟೇಟ್ 102, ಸೆರಿನ್ 195 ಎಂದರೆ ಕತ್ತರಿಸುವ ಕೆಲಸ ಮಾಡುವ ಮೂರು ರೆಸಿಡ್ಯೂಗಳೆಂದು ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ, ಟ್ರಿಪ್ಸಿನ್‌ನಲ್ಲಿ ಇಲ್ಲದ ಕಡೆ ಸಂಖ್ಯೆಗಳು ಹಾರುತ್ತವೆ, ಹೆಚ್ಚಿಗೆ ಇರುವ ಕಡೆ ಸಂಖ್ಯೆಗೆ ಅಕ್ಷರ ಸೇರುತ್ತದೆ. 34ರ ನಂತರ 37, 204ರ ನಂತರ 209 ಬರುತ್ತದೆ. 184ಎ, 188ಎ, 221ಎ ಎಂಬ ಮೂರು ರೆಸಿಡ್ಯೂಗಳಿವೆ.

ಸರಪಳಿಯಲ್ಲಿ ಹತ್ತಿರವಿರುವ ಜೋಡಿಗಳನ್ನು ಬಿಡಲು ನಾವು ಸಾಮಾನ್ಯವಾಗಿ ಸಂಖ್ಯೆಗಳ ವ್ಯತ್ಯಾಸ ಮೂರಕ್ಕಿಂತ ಹೆಚ್ಚಿರಬೇಕು ಎಂದು ಬರೆಯುತ್ತೇವೆ. 204 ಮತ್ತು 209ರ ವ್ಯತ್ಯಾಸ ಐದು. ಆದ್ದರಿಂದ ಪೆಪ್ಟೈಡ್ ಬಂಧದಿಂದ ಬೆಸೆದ ಪಕ್ಕದ ರೆಸಿಡ್ಯೂಗಳೇ 3.8 ಆಂಗ್‌ಸ್ಟ್ರಾಮ್ ಸಿ-ಆಲ್ಫಾ ಅಂತರದೊಂದಿಗೆ ದೂರದ ಸಂಪರ್ಕವಾಗಿ ಪಟ್ಟಿಯ ತಲೆಗೆ ಬಂದು ಕೂರುತ್ತವೆ. ಪಟ್ಟಿಯಲ್ಲಿ 3.8 ಎಂಬ ಅಂತರ ಕಂಡಾಗಲೆಲ್ಲ ಸಂಶಯಪಡಿ. ಟ್ರಾನ್ಸ್ ಪೆಪ್ಟೈಡಿನ ಎರಡು ಸಿ-ಆಲ್ಫಾಗಳ ಹೆಗ್ಗುರುತು ಅದು. ಇದಕ್ಕೆ ವಿರುದ್ಧವಾಗಿ, ಅಕ್ಷರವನ್ನು ಓದದ ಸ್ಕ್ರಿಪ್ಟಿಗೆ 184 ಮತ್ತು 184ಎ ಒಂದೇ ರೆಸಿಡ್ಯೂ. ಒಂದರ ಪರಮಾಣುಗಳು ಇನ್ನೊಂದರ ಲೆಕ್ಕಕ್ಕೆ ಸೇರಿಹೋಗುತ್ತವೆ. ಸರಪಳಿಯ ಅಕ್ಷರ, ಸಂಖ್ಯೆ, ಸೇರ್ಪಡೆಯ ಅಕ್ಷರ ಈ ಮೂರನ್ನೂ ಒಟ್ಟಾಗಿ ರೆಸಿಡ್ಯೂವಿನ ಗುರುತಾಗಿ ಇಟ್ಟುಕೊಳ್ಳಿ. ಸರಪಳಿಯಲ್ಲಿನ ದೂರವನ್ನು ಮುದ್ರಿತ ಸಂಖ್ಯೆಯಿಂದ ಕಳೆಯದೆ, ಕಡತದಲ್ಲಿ ಬಂದ ಕ್ರಮದಲ್ಲಿ ನೀವೇ ಎಣಿಸಿದ ಕ್ರಮಾಂಕದಿಂದ ಕಳೆಯಿರಿ. ಅಕ್ಷರವಿರುವ ರೆಸಿಡ್ಯೂ ಯಾವಾಗಲೂ ಅಕ್ಷರವಿಲ್ಲದ್ದರ ನಂತರವೇ ಬರುತ್ತದೆ ಎಂದು ಊಹಿಸಿ ಮರುಜೋಡಣೆ ಮಾಡಲು ಹೋಗಬಾರದು.

ಇದೇ ಕಡತದಲ್ಲಿ ಇನ್ನೊಂದು ಬಲೆ ಇದೆ. ಟ್ರಿಪ್ಸಿನ್ ಒಂದು ಕ್ಯಾಲ್ಸಿಯಂ ಅಯಾನನ್ನು 70, 72, 75 ಮತ್ತು 80ನೆಯ ರೆಸಿಡ್ಯೂಗಳ ನಡುವೆ ಹಿಡಿದಿಟ್ಟುಕೊಂಡಿದೆ. ಕಡತದಲ್ಲಿ ಕ್ಯಾಲ್ಸಿಯಂನ ಹೆಸರೂ ಸಿಎ, ಸಿ-ಆಲ್ಫಾದ ಹೆಸರೂ ಸಿಎ. ವ್ಯತ್ಯಾಸ ಇರುವುದು ಕಾಲಂನಲ್ಲಿ: ಕ್ಯಾಲ್ಸಿಯಂ 13ನೆಯ ಕಾಲಂನಿಂದ ಶುರುವಾಗುತ್ತದೆ, ಸಿ-ಆಲ್ಫಾ 14ನೆಯದರಿಂದ. ಖಾಲಿ ಜಾಗವನ್ನು ಕತ್ತರಿಸಿ ಹೆಸರನ್ನು ಹೋಲಿಸುವ ಸ್ಕ್ರಿಪ್ಟಿಗೆ ಎರಡೂ ಒಂದೇ. ಆಗ 245ರ ಆಚೆಯ ಸಂಖ್ಯೆಯ ಯಾವುದೋ ರೆಸಿಡ್ಯೂ 70ರಿಂದ 80ರವರೆಗಿನ ಕುಣಿಕೆಯೊಂದಿಗೆ ಬಿಗಿಯಾಗಿ ಸಂಪರ್ಕದಲ್ಲಿರುವಂತೆ ಕಾಣುತ್ತದೆ. ಧಾತುವಿನ ಕಾಲಂ ಓದಿದರೆ ಈ ಗೊಂದಲವಿರುವುದಿಲ್ಲ.

ಲವಣ ಸೇತುಗಳ ವಿಷಯದಲ್ಲೂ ಟ್ರಿಪ್ಸಿನ್ ಒಂದು ಪಾಠ ಹೇಳಿಕೊಡುತ್ತದೆ. ಕಿಣ್ವ ಚುರುಕಾಗುವಾಗ ಸರಪಳಿ ತುಂಡಾಗಿ ಐಸೊಲ್ಯೂಸಿನ್ 16 ಹೊಸ ತುದಿಯಾಗುತ್ತದೆ. ಆ ತುದಿಯ ಅಮೈನೊ ಗುಂಪು ಒಳಕ್ಕೆ ತಿರುಗಿ ಆಸ್ಪಾರ್ಟೇಟ್ 194ರೊಂದಿಗೆ ಲವಣ ಸೇತು ಕಟ್ಟುತ್ತದೆ. ಲೈಸಿನ್ ಮತ್ತು ಆರ್ಜಿನಿನ್‌ಗಳ ಪಾರ್ಶ್ವ ಸರಪಳಿಯಲ್ಲಿ ಮಾತ್ರ ಧನ ಆವೇಶವನ್ನು ಹುಡುಕುವ ಸ್ಕ್ರಿಪ್ಟಿಗೆ ಈ ಕಿಣ್ವದ ಅತಿ ಮುಖ್ಯವಾದ ಸೇತುವೇ ಕಾಣುವುದಿಲ್ಲ. ಸರಪಳಿಯ ಮೊದಲ ನೈಟ್ರೋಜನ್ನನ್ನೂ ಕೊನೆಯ ಕಾರ್ಬಾಕ್ಸಿಲ್ ಗುಂಪನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಬೇಗ ನೋಡಿ ಮುಗಿಸಬಹುದಾದವು

ಪಿಡಿಬಿ ಸಾಲನ್ನು ಖಾಲಿ ಜಾಗದಿಂದ ಒಡೆಯಬೇಡಿ, ಕಾಲಂನಿಂದ ಕತ್ತರಿಸಿ. ಪರಮಾಣುವಿನ ಅಲುಗಾಟವನ್ನು ಸೂಚಿಸುವ ಬಿ-ಅಂಶದ ಮೌಲ್ಯ 100 ಮುಟ್ಟಿದೊಡನೆ ಅದು ಹಿಂದಿನ ಕಾಲಂಗೆ ಅಂಟಿಕೊಂಡು 1.00100.00 ಎಂಬ ಒಂದೇ ಪದವಾಗುತ್ತದೆ. ಮಾಲಿಕ್ಯುಲರ್ ಡೈನಮಿಕ್ಸ್ (ಅಣುಗಳ ಚಲನೆಯ ಗಣಕ ಅನುಕರಣೆ) ಕಡೆಯಿಂದ ಬಂದವರು ಏಕಮಾನವನ್ನು ನೋಡಿಕೊಳ್ಳಬೇಕು: ಗ್ರೊಮ್ಯಾಕ್ಸ್ ಮತ್ತು ಎಂಡಿಟ್ರಾಜ್ ನ್ಯಾನೊಮೀಟರ್‌ನಲ್ಲಿ ಮಾತನಾಡುತ್ತವೆ, ಅಲ್ಲಿ 8 ಎಂದು ಕೊಟ್ಟರೆ ನಕ್ಷೆ ಪೂರ್ತಿ ಕಪ್ಪಾಗುತ್ತದೆ, ಆಂಗ್‌ಸ್ಟ್ರಾಮ್ ಬಯಸುವ ಉಪಕರಣಕ್ಕೆ 0.8 ಕೊಟ್ಟರೆ ನಕ್ಷೆ ಪೂರ್ತಿ ಖಾಲಿ. ಸೆಲೆನೊಮೆಥಿಯೊನಿನ್ (ಗಂಧಕದ ಬದಲು ಸೆಲೆನಿಯಂ ಇರುವ ಮೆಥಿಯೊನಿನ್) ಇರುವ ಕಡತದಲ್ಲಿ ಅದು ನೀರಿನಂತೆಯೇ ಹೆಟಾಟಮ್ ಸಾಲಿನಲ್ಲಿ ಬರುತ್ತದೆ. ನೀರನ್ನು ಹೊರಹಾಕುವ ಭರದಲ್ಲಿ ಅದನ್ನೂ ಹೊರಹಾಕಿದರೆ ಒಡಲಿನ ನಡುವೆ ತೂತು ಬೀಳುತ್ತದೆ. ಪಾರ್ಶ್ವ ಸರಪಳಿ ಎರಡು ಭಂಗಿಗಳಲ್ಲಿ ಕಂಡಾಗ ಕಡತ ಎರಡನ್ನೂ ಕೊಡುತ್ತದೆ. 0.54 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಕ್ರ್ಯಾಂಬಿನ್ ಕಡತ 1ಇಜೆಜಿಯಲ್ಲಂತೂ 22ನೆಯ ಸ್ಥಾನದಲ್ಲಿ ಪ್ರೋಲಿನ್ ಮತ್ತು ಸೆರಿನ್ ಎರಡೂ, 25ರಲ್ಲಿ ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎರಡೂ ಇವೆ. ಒಂದನ್ನು ಆರಿಸಿಕೊಳ್ಳದೆ ಎಣಿಸಿದರೆ ಭಂಗಿಗಳು ತಮ್ಮತಮ್ಮೊಳಗೇ ಸಂಪರ್ಕ ಮಾಡುತ್ತವೆ.

ಸರಪಳಿಗಳ ನಡುವಿನ ಸಂಪರ್ಕ ನೋಡುವವರು ಕಡತದಲ್ಲಿ ಇಡೀ ಅಣು ಇದೆಯೇ ಎಂದು ಮೊದಲು ಕೇಳಬೇಕು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನ 1ಎಚ್‌ಎಚ್‌ಒ ಕಡತದಲ್ಲಿ ಒಂದು ಆಲ್ಫಾ, ಒಂದು ಬೀಟಾ ಸರಪಳಿ ಮಾತ್ರ ಇವೆ. ಆಮ್ಲಜನಕವಿಲ್ಲದ 4ಎಚ್‌ಎಚ್‌ಬಿಯಲ್ಲಿ ನಾಲ್ಕೂ ಇವೆ. ಎರಡನ್ನೂ ಹಾಗೆಯೇ ಹೋಲಿಸಿದರೆ ಆಮ್ಲಜನಕ ಸೇರಿದೊಡನೆ ಅರ್ಧ ಅಣುವೇ ಮಾಯವಾದಂತೆ ಕಾಣುತ್ತದೆ. ಇಡೀ ಅಣುವನ್ನು ಕಟ್ಟುವ ಬಗೆಯನ್ನು ಹೇಳುವ, ಕಡತದ ರಿಮಾರ್ಕ್ 350 ಸಾಲುಗಳ ಸೂಚನೆಯಂತೆ ಉಳಿದರ್ಧವನ್ನು ಕಟ್ಟಿಕೊಳ್ಳಬೇಕು.

122 ದಾಟಿದ ಸಾಲುಗಳು

ಎಲ್ಲವನ್ನೂ ಸರಿಪಡಿಸಿ ಮತ್ತೆ ಓಡಿಸಿದಾಗ ರಾಗಿ ಪ್ರತಿಬಂಧಕದ ಎರಡು ಪಟ್ಟಿಗಳು ಒಡಲಿನ ಭಾಗದಲ್ಲಿ ಒಂದಕ್ಕೊಂದು ಹತ್ತಿರ ಬಂದವು. ಸಂಪರ್ಕಗಳನ್ನು ಬಿಟ್ಟುಕೊಡುತ್ತದೆ ಎಂಬ ತೀರ್ಮಾನವನ್ನು ಅವಳೇ ಅಳಿಸಿದಳು. ಅಮೈಲೇಸ್ ಮತ್ತು ಪ್ರತಿಬಂಧಕದ ನಡುವಿನ ಸಂಪರ್ಕಗಳ ಮೂರನೆಯ ಪಟ್ಟಿಯೊಂದು ಉಳಿದಿತ್ತು. ಅದು ವಿಚಿತ್ರವಾಗಿ ಚಿಕ್ಕದಾಗಿತ್ತು. ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗಲೂ ಅದೇ ತಲೆಯಲ್ಲಿತ್ತು. ಮುಕ್ತವಾಗಿದ್ದಾಗ ಸಡಿಲವಾಗಿರುವ ಪ್ರತಿಬಂಧಕದ ಮೊದಲ ತುದಿ, ಅಮೈಲೇಸ್ ಸಿಕ್ಕಾಗ ಸುರುಳಿಗಟ್ಟಿ ಅದರ ಕ್ರಿಯಾಸ್ಥಾನದೊಳಕ್ಕೆ ನುಗ್ಗುತ್ತದೆ ಎಂಬುದು ಆ ರಚನೆಯ ಮುಖ್ಯ ಸಂಗತಿ. ಅದು ಪಟ್ಟಿಯಲ್ಲಿ ಇರಲೇಬೇಕಿತ್ತು.

ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದೆವು. ಒಳಗಿನ ಸಂಪರ್ಕಗಳಿಗಾಗಿ ಅವಳು ಒಂದು ಕಾವಲು ಸಾಲು ಬರೆದಿದ್ದಳು: ಪ್ರತಿಬಂಧಕದಲ್ಲಿ 122 ರೆಸಿಡ್ಯೂಗಳಷ್ಟೇ ಇರುವುದರಿಂದ, ಅದಕ್ಕಿಂತ ದೊಡ್ಡ ಸಂಖ್ಯೆ ಬಂದ ಸಾಲನ್ನು ತಪ್ಪೆಂದು ಕೈಬಿಡು. ಒಳ್ಳೆಯ ಕಾವಲು. ಆದರೆ ಅದು ನಕಲಾಗಿ ಮೂರನೆಯ ಪಟ್ಟಿಯ ಸ್ಕ್ರಿಪ್ಟಿಗೂ ಬಂದಿತ್ತು, ಆ ಸ್ಕ್ರಿಪ್ಟ್ ಸರಪಳಿಯ ಅಕ್ಷರವನ್ನು ಬರೆಯದೆ ಸಂಖ್ಯೆಯನ್ನಷ್ಟೇ ಬರೆಯುತ್ತಿತ್ತು. ಕಾವಲನ್ನು ತೆಗೆದು, ಸಂಖ್ಯೆಯ ಹಿಂದೆ ಎ (ಅಮೈಲೇಸ್) ಮತ್ತು ಬಿ (ಪ್ರತಿಬಂಧಕ) ಅಕ್ಷರಗಳನ್ನು ಸೇರಿಸಿ ಓಡಿಸಿದೆವು. ಕಸದ ಪಟ್ಟಿಗೆ ಹೋಗಿದ್ದ ಸಾಲುಗಳು ಮರಳಿ ಬಂದವು. ಅವುಗಳಲ್ಲಿ ಬಿ ಸರಪಳಿಯ ಸೆರಿನ್ 1 ಇತ್ತು, ಅದರ ಎದುರಿಗೆ ಎ ಸರಪಳಿಯ ಆಸ್ಪಾರ್ಟೇಟ್ 185 ಮತ್ತು ಗ್ಲುಟಮೇಟ್ 222, ಅಂದರೆ ಅಮೈಲೇಸ್ ಪಿಷ್ಟವನ್ನು ಕತ್ತರಿಸಲು ಬಳಸುವ ರೆಸಿಡ್ಯೂಗಳೇ. ರಾಗಿಯ ಪ್ರೋಟೀನ್ ತನ್ನ ಮೊಟ್ಟಮೊದಲ ರೆಸಿಡ್ಯೂವಿನಿಂದ ಆ ಎರಡನ್ನೂ ಹಿಡಿದುಕೊಂಡಿತ್ತು.